ಗಂಡ-ಹೆಂಡ್ತಿ ಅಣ್ಣ-ತಂಗಿ ಆದ ಕಥೆ!

ಸ್ಪೇನ್ ಅಂದ್ರೆ ಗೂಳಿ ಕಾಳಗ, ಅದನ್ನೇ ಬರಿ ಮಾರಾಯ ಅಂತೀರೇನೋ. ಅದು ಇನ್ನೊಂದು ವಾರಕ್ಕಿರಲಿ. ಈ ಸಲ ನಮ್ಮ ನಿಮ್ಮ ಸಿನಿಮಾನೇ ಮಾತಾಡೋಣ.

ಮ್ಯಾಡ್ರಿಡ್‌ಗೆ ಓದೋಕೆ ಬಂದವನು ನಾನು. ಆದರೆ ಬಂದ ವಾರವೇ ಹುಡುಕಿಕೊಂಡು ಹೋಗಿದ್ದು ಲೈಬ್ರರಿಯನ್ನಲ್ಲ, ಟಾಕೀಸನ್ನ. ಟಿಕೆಟ್ ತಗೊಂಡು ಕೂತರೆ ಹಾಲಿವುಡ್ ಹೀರೋ ಪಟಪಟ ಅಂತ ಸ್ಪ್ಯಾನಿಷ್ ಉದುರಿಸ್ತಿದ್ದಾನೆ! ಇಲ್ಲಿ ಡಬ್ಬಿಂಗ್ ಅನ್ನೋದು ಊಟದ ಜೊತೆ ಬ್ರೆಡ್ ಇದ್ದ ಹಾಗೆ. ಕ್ಲಿಂಟ್ ಈಸ್ಟ್‌ವುಡ್‌ಗೆ ಕಂಠ ಕೊಡ್ತಿದ್ದ ಕಾನ್‌ಸ್ತಾಂತಿನೋ ರೊಮೇರೋ 2013ರಲ್ಲಿ ತೀರಿಕೊಂಡರು. ಅವರ ಹೆಸರೆತ್ತಿದರೆ ಇಲ್ಲಿನ ಹುಡುಗರು ಇವತ್ತಿಗೂ ಎದೆಯುಬ್ಬಿಸ್ತಾರೆ. ‘ಟರ್ಮಿನೇಟರ್ 2’ರಲ್ಲಿ ಅರ್ನಾಲ್ಡ್ ಬಾಯಲ್ಲಿ ‘ಹಾಸ್ತಾ ಲಾ ವಿಸ್ತಾ’ ಅಂತ ಬರುತ್ತಲ್ಲ, ಅದು ಸ್ಪ್ಯಾನಿಷ್ ಮಾತು. ಸ್ಪೇನಿನವರಿಗೆ ಅದರಲ್ಲೇನು ಮಜಾ? ಅದಕ್ಕೇ ಇಲ್ಲಿ ಅದು ಜಪಾನಿನ ‘ಸಯೋನಾರಾ’ ಆಗಿದೆ!

ಇಷ್ಟೇ ಆಗಿದ್ರೆ ನಕ್ಕು ಸುಮ್ಮನಾಗಬಹುದಿತ್ತು. ಈ ಡಬ್ಬಿಂಗ್ ಹಿಂದೆ ಒಬ್ಬ ಸರ್ವಾಧಿಕಾರಿ ಇದ್ದ ಸ್ವಾಮಿ. ಅಂತರ್ಯುದ್ಧ ಗೆದ್ದು ಗದ್ದುಗೆ ಹತ್ತಿದ ಜನರಲ್ ಫ್ರಾಂಕೋ. 1941ರಲ್ಲಿ ಅವನ ಸರ್ಕಾರದ ಆದೇಶ ಬಂತು: ಪರಭಾಷೆಯ ಚಿತ್ರ ಯಾವುದೇ ಇರಲಿ, ಸ್ಪ್ಯಾನಿಷ್‌ಗೆ ಡಬ್ ಆಗದೆ ತೆರೆಗೆ ಬರುವಂತಿಲ್ಲ. ಕೆಲವೇ ವರ್ಷಗಳಲ್ಲಿ ಕಡ್ಡಾಯ ಹೋಯಿತು, ಅಭ್ಯಾಸ ಉಳಿಯಿತು. ದೃಶ್ಯ ಕತ್ತರಿಸಿದರೆ ಜನಕ್ಕೆ ಗೊತ್ತಾಗುತ್ತೆ. ಮಾತು ಬದಲಾಯಿಸಿದರೆ ಯಾರಿಗೆ ಗೊತ್ತಾಗುತ್ತೆ?

‘ಮೊಗಾಂಬೋ’ (1953) ನೋಡಿ. ನಮ್ಮ ‘ಮಿಸ್ಟರ್ ಇಂಡಿಯಾ’ ವಿಲನ್ ಅಲ್ಲ, ಕ್ಲಾರ್ಕ್ ಗೇಬಲ್ ಬೇಟೆಗಾರನಾಗಿರೋ ಚಿತ್ರ. ಮದುವೆಯಾದ ಗ್ರೇಸ್ ಕೆಲ್ಲಿ ಅವನ ಮೇಲೆ ಮನಸ್ಸಿಡ್ತಾಳೆ. ಛೆ ಛೆ, ಪರಪುರುಷನ ವ್ಯಾಮೋಹವೇ? ಸೆನ್ಸಾರ್‌ನವರು ಡಬ್ಬಿಂಗ್‌ನಲ್ಲಿ ಗಂಡ-ಹೆಂಡತಿಯನ್ನ ಅಣ್ಣ-ತಂಗಿ ಮಾಡಿಬಿಟ್ಟರು! ಆದರೆ ತೆರೆ ಮೇಲೆ ಆ ‘ಅಣ್ಣ-ತಂಗಿ’ ಇರೋದು ಒಂದೇ ಡೇರೆಯಲ್ಲಿ, ನಡವಳಿಕೆಯೆಲ್ಲ ದಂಪತಿಗಳದ್ದು. ಒಂದು ಪಾಪ ಮುಚ್ಚೋಕೆ ಹೋಗಿ ಅದರಪ್ಪನಂಥ ಪಾಪ ಹುಟ್ಟಿಸಿದರು. ‘ಕಾಸಾಬ್ಲಾಂಕಾ’ ನಾಯಕನಿಗೂ ಹೀಗೇ ಆಯಿತು. ಫ್ರಾಂಕೋ ವಿರುದ್ಧ ಸ್ಪೇನಿನಲ್ಲಿ ಹೋರಾಡಿದವನು ಅವನು. ಡಬ್ಬಿಂಗ್‌ನಲ್ಲಿ ಆ ಸಂಗತಿಯೇ ಮಂಗಮಾಯ!

ಸ್ವಂತ ದೇಶದ ನಿರ್ದೇಶಕನನ್ನೂ ಬಿಡಲಿಲ್ಲ. ದೇಶ ಬಿಟ್ಟಿದ್ದ ಲೂಯಿ ಬುನ್ಯುಎಲ್ ವಾಪಸ್ ಬಂದು ‘ವಿರಿದಿಯಾನಾ’ ತೆಗೆದ. 1961ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಹಾರ ಹಾಕಬೇಕಾದವರು ನಿಷೇಧ ಹಾಕಿದರು. ಫ್ರಾಂಕೋ 1975ರಲ್ಲಿ ಸತ್ತು, 1977 ಬರೋವರೆಗೂ ಸ್ಪೇನಿನ ಜನಕ್ಕೆ ಅದು ಕಾಣಲಿಲ್ಲ. ನಾನು ಅದನ್ನ ನೋಡಿದ್ದು ಸಾಂತಾ ಇಸಾಬೆಲ್ ಬೀದಿಯ ‘ಸಿನೆ ದೊರೆ’ಯಲ್ಲಿ. ಹೆಸರು ಕೇಳಿ ನಮ್ಮ ದೊರೆ ಅಂದ್ಕೋಬೇಡಿ! 1963ರಲ್ಲಿ ಬಾಗಿಲು ಹಾಕಿದ್ದ ಹಳೇ ಟಾಕೀಸು. 1989ರಲ್ಲಿ ಸರ್ಕಾರಿ ಫಿಲ್ಮ್ ಭಂಡಾರದವರು ಮತ್ತೆ ತೆರೆದರು. ಅಗ್ಗದ ಟಿಕೆಟ್, ಮೂಲ ಧ್ವನಿ, ಕೆಳಗೆ ಅಕ್ಷರ. ಭಿಕ್ಷುಕರ ಊಟದ ದೃಶ್ಯ ಬಂದಾಗ ಪಕ್ಕದ ಮುದುಕರೊಬ್ಬರು ಗೊಳ್ಳನೆ ನಕ್ಕರು ನೋಡಿ, ನಂಗೆ ಮೈ ಜುಮ್ಮಂತು. ಆ ನಗುವನ್ನ ಹದಿನಾರು ವರ್ಷ ಕಟ್ಟಿಹಾಕಿದ್ರಲ್ಲ!

ಇಲ್ಲಿ ಕೂತಾಗ ನಮ್ಮ ಡಬ್ಬಿಂಗ್ ಜಗಳ ನೆನಪಾಗದೆ ಇರುತ್ತಾ? ಪರಭಾಷೆ ಚಿತ್ರ ಕನ್ನಡ ಮಾತಾಡಿದರೆ ನಮ್ಮ ಚಿತ್ರ ಕೇಳೋರ್ಯಾರು ಅಂತ ನಮ್ಮವರು ಹೆದರಿದ್ರು. ಆ ಹೆದರಿಕೆ ಸುಳ್ಳಲ್ಲ. ಹಾಲಿವುಡ್‌ಗೆ ಸ್ಪ್ಯಾನಿಷ್ ನಾಲಿಗೆ ಕೊಟ್ಟ ಮೇಲೆ, ಭಾಷೆಯೊಂದೇ ಬಲವಾಗಿದ್ದ ಇಲ್ಲಿನ ಚಿತ್ರಗಳು ಆ ಬಲವನ್ನೂ ಕಳಕೊಂಡವು. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯೋದು ತಪ್ಪು ಅಂತ ಆದೇಶ ಕೊಟ್ಟಿತು. ಈಗ ಡಬ್ ಚಿತ್ರಗಳು ಕನ್ನಡದಲ್ಲೂ ಬರ್ತಿವೆ. ಬರಲಿ, ಇಂಗ್ಲಿಷ್ ಬಾರದ ನಮ್ಮಮ್ಮನೂ ಗೇಬಲ್‌ನ ನೋಡಲಿ. ಆದರೆ ಪಕ್ಕದಲ್ಲೇ ಮೂಲ ಧ್ವನಿಯ ಒಂದು ಆಟವೂ ಇರಲಿ ಅಂತೀನಿ ನಾನು. ಮಾತು ತಿರುಚಿದರೆ ಹಿಡಿಯೋಕೆ ಹತ್ತು ಜನ ಬೇಕಲ್ರೀ.

ಅಣ್ಣಾವ್ರಿಗೆ ಯಾರಾದ್ರೂ ಸ್ಪ್ಯಾನಿಷ್ ಕಂಠ ಹಾಕಿದ್ರೆ ಮಾತ್ರ ನಾನು ಥಿಯೇಟರ್ ಬಿಟ್ಟು ಎದ್ದು ಬರ್ತೀನಿ!