ಸಿಸ್ಟರ್ ಯಾಕೆ ಮೊದಲು ನಮ್ಮವನನ್ನು ನೋಡಲಿಲ್ಲ?

ಮಗ್ರಿಬ್ ಕಳೆದು ಸ್ವಲ್ಪ ಹೊತ್ತಾಗಿತ್ತು. ನಮ್ಮ ಜಮಾಅತಿನ ಒಬ್ಬ ಹುಡುಗ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಸುದ್ದಿ ವಾಟ್ಸಪ್ ಗ್ರೂಪಿಗೆ ಬಂದದ್ದೇ ತಡ, ಅವನು ಆಸ್ಪತ್ರೆ ಮುಟ್ಟುವ ಮೊದಲೇ ಕ್ಯಾಶುವಲ್ಟಿಯ ಬಾಗಿಲಲ್ಲಿ ನಾವು ಮೂವತ್ತು ಜನ ಸೇರಿದ್ದೆವು. ಸಿಸ್ಟರ್ ಬಂದರು. ಹುಡುಗನನ್ನು ಮಾತಾಡಿಸಿದರು, ಬಿಪಿ, ನಾಡಿ ನೋಡಿದರು, ಕಾಲಿನ ಬೆರಳು ಆಡಿಸಲು ಹೇಳಿದರು. ಗಾಯಕ್ಕೆ ಬಟ್ಟೆ ಒತ್ತಿ ಕಟ್ಟಿ, ಕಾಲು ಅಲುಗಾಡದ ಹಾಗೆ ಆಧಾರ ಕೊಟ್ಟು, ಡಾಕ್ಟರು ಹೇಳಿದ ನೋವಿನ ಇಂಜೆಕ್ಷನ್ ಹಾಕಿ ಪಕ್ಕದ ಮಂಚಕ್ಕೆ ಹೋದರು. ಅಲ್ಲಿ ವಯಸ್ಸಾದ ಒಬ್ಬರು ಎದೆ ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ರಕ್ತ ಇಲ್ಲ, ಬೊಬ್ಬೆ ಇಲ್ಲ. ಬೆವರು ಮಾತ್ರ ಇಳಿಯುತ್ತಿತ್ತು.

ನಮ್ಮ ಯುವಕರಿಗೆ ಸಿಟ್ಟು ಬಂತು. "ನಮ್ಮ ಹುಡುಗ ರಕ್ತದಲ್ಲಿ ಮಲಗಿದ್ದಾನೆ, ನೀವು ಅಲ್ಲಿ ಎಂತ ಮಾಡ್ತಿದ್ದೀರಿ?" ಎಂದು ಒಬ್ಬ ಕೂಗಿದ. ಇನ್ನೊಬ್ಬ ಮೊಬೈಲ್ ಎತ್ತಿ ವಿಡಿಯೋ ಮಾಡ್ಲಿಕ್ಕೆ ಶುರು ಮಾಡಿದ. "ಅವರಿಗೆ ಬೇಗ ಇಸಿಜಿ ತೆಗೀಲಿಕ್ಕೆ ಉಂಟು, ದಯವಿಟ್ಟು ಹೊರಗೆ ನಿಲ್ಲಿ" ಎಂದು ಸಿಸ್ಟರ್ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಆ ಹಿರಿಯರನ್ನು ಟ್ರಾಲಿಯಲ್ಲಿ ಮಲಗಿಸಿ ಒಳಗೆ ಕೊಂಡೊಯ್ಯಲು ಹೊರಟರು. ಹಾರ್ಟ್ ಅಟ್ಯಾಕ್. ಟ್ರಾಲಿ ಬಾಗಿಲಲ್ಲಿ ನಿಂತಿತು. ಯಾಕೆಂದರೆ ಬಾಗಿಲಲ್ಲಿ ನಾವಿದ್ದೆವು. ಅವರ ಹೆಂಡತಿ ಬರಿಗಾಲಲ್ಲಿ ಟ್ರಾಲಿಯ ಹಿಂದೆ ಓಡುತ್ತಾ "ದಾರಿ ಬಿಡಿ, ದಾರಿ ಬಿಡಿ" ಎಂದು ಕೈ ಮುಗಿಯುತ್ತಿದ್ದರು. ಆ ಮುಗಿದ ಕೈ ಇವತ್ತಿಗೂ ನನ್ನ ಕಣ್ಣ ಮುಂದೆ ಉಂಟು.

ಸಿಸ್ಟರ್ ಅಂದು ಮಾಡಿದ್ದು ತಾರತಮ್ಯ ಅಲ್ಲ. ಅದು ಅವರ ಕೆಲಸದ ಮೊದಲ ಪಾಠ. ಅದಕ್ಕೆ ಟ್ರಯೇಜ್ ಎನ್ನುತ್ತಾರೆ, ಅಂದರೆ ವಿಂಗಡಿಸುವುದು. ನೆಪೋಲಿಯನ್ನನ ಸೈನ್ಯದಲ್ಲಿದ್ದ ಲಾರೆ ಎಂಬ ಶಸ್ತ್ರವೈದ್ಯ, ಗಾಯಾಳುಗಳನ್ನು ಅವರ ಪದವಿ ನೋಡಿ ಅಲ್ಲ, ಗಾಯ ಎಷ್ಟು ಗಂಭೀರ ಎಂದು ನೋಡಿ ಉಪಚರಿಸಬೇಕೆಂಬ ಕ್ರಮ ಹಾಕಿಕೊಟ್ಟವನು. ಈಗ ಆಸ್ಪತ್ರೆಗಳಲ್ಲಿ ಅದಕ್ಕೆ ಬಣ್ಣಗಳುಂಟು. ಈಗಲೇ ನೋಡದಿದ್ದರೆ ಜೀವ ಹೋಗುವವರು ಕೆಂಪು. ಸ್ವಲ್ಪ ಕಾಯಬಹುದಾದವರು ಹಳದಿ. ನಡೆದು ಬಂದು ಕೂರುವವರು ಹಸಿರು. ಮೊದಲು ಬಂದವರಿಗೆ ಮೊದಲು ಎಂಬ ರೇಷನ್ ಅಂಗಡಿಯ ನ್ಯಾಯ ಅಲ್ಲಿ ನಡೆಯುವುದಿಲ್ಲ. ಯಾರ ಕಡೆಯವರು ಹೆಚ್ಚು ಬೊಬ್ಬೆ ಹಾಕಿದರು ಎಂಬುದೂ ಲೆಕ್ಕಕ್ಕೆ ಬರಬಾರದು. ಎದೆನೋವು ಎಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ನಿಯಮ. ನಾವು ಜಗಳಕ್ಕೆ ತೆಗೆದುಕೊಂಡ ಸಮಯ ಆ 10 ನಿಮಿಷದ್ದು.

ನಮ್ಮಲ್ಲಿ ಅನೇಕರು ಸಿಸ್ಟರ್ ಅಂದರೆ ಡಾಕ್ಟರು ಹೇಳಿದ ಸೂಜಿ ಚುಚ್ಚುವವರು ಎಂದಷ್ಟೇ ತಿಳಿದಿದ್ದೇವೆ. ಕ್ಯಾಶುವಲ್ಟಿಯಲ್ಲಿ ರೋಗಿಯನ್ನು ಹೆಚ್ಚಾಗಿ ಮೊದಲು ನೋಡುವ ಕಣ್ಣು ಅವರದ್ದು. ಉಸಿರು, ನಾಡಿ, ಬಿಪಿ, ಆಮ್ಲಜನಕ, ಶುಗರ್, ಪ್ರಜ್ಞೆ ಎಲ್ಲವನ್ನೂ ಕೆಲವೇ ನಿಮಿಷದಲ್ಲಿ ಅಳೆದು ಡಾಕ್ಟರಿಗೆ ಹೇಳಬೇಕು. ಹೃದಯ ನಿಂತವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, ಕಡಿಮೆಯೆಂದರೆ 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಎರಡು ನಿಮಿಷಕ್ಕೆ ಕೈ ಸೋಲುತ್ತದೆ, ಅದಕ್ಕೇ ಆಗ ಇನ್ನೊಬ್ಬರು ಬಂದು ಒತ್ತುತ್ತಾರೆ. ಕೊಟ್ಟ ಪ್ರತಿ ಮದ್ದನ್ನೂ ಗಂಟೆ, ನಿಮಿಷದ ಜೊತೆ ಬರೆದಿಡಬೇಕು. ಅಪಘಾತ, ವಿಷ, ಹೊಡೆದಾಟದ ಕೇಸಾದರೆ ಪೊಲೀಸರಿಗೆ ತಿಳಿಸುವ ಕಾಗದವೂ ಆಗಬೇಕು. ಒಂದು ಮಂಚದಲ್ಲಿ ಮಯ್ಯತ್ ಆದರೆ, ಕಣ್ಣು ಮುಚ್ಚಿಸಿ, ಬಟ್ಟೆ ಹೊದೆಸಿ, ಮುಖ ತೊಳೆದುಕೊಂಡು ಪಕ್ಕದ ಮಂಚದ ಮಗುವಿನ ಹತ್ತಿರ ಹೋಗಿ ನಗುತ್ತಾ ಮಾತಾಡಬೇಕು. ರಾತ್ರಿ ಪಾಳಿಯಲ್ಲಿ ಇದೇ ಕೆಲಸ ಬೆಳಗಿನವರೆಗೆ. ಚಾ ಕುಡಿಯಲಿಕ್ಕೂ ಪುರುಸೊತ್ತಿಲ್ಲದ ರಾತ್ರಿಗಳೇ ಜಾಸ್ತಿ.

ಈ ಕೆಲಸದಲ್ಲಿ ಸ್ವಂತ ಜೀವಕ್ಕೂ ಅಪಾಯ ಉಂಟು. ನಮ್ಮ ಪಕ್ಕದ ಕೇರಳದಲ್ಲಿ, ಕೋಝಿಕ್ಕೋಡ್ ಜಿಲ್ಲೆಯ ಪೇರಾಂಬ್ರ ತಾಲೂಕು ಆಸ್ಪತ್ರೆಯಲ್ಲಿ ನಿಪಾ ರೋಗಿಯನ್ನು ಆರೈಕೆ ಮಾಡಿದ ಲಿನಿ ಎಂಬ ಸಿಸ್ಟರ್ ಅದೇ ರೋಗ ತಗುಲಿ 2018ರ ಮೇ 21ರಂದು ತೀರಿಕೊಂಡರು. ಗಂಡ ಗಲ್ಫ್‌ನಲ್ಲಿ ದುಡಿಯುತ್ತಿದ್ದರು. ಮನೆಯಲ್ಲಿ ಎರಡು ಸಣ್ಣ ಮಕ್ಕಳು. ಗಂಡ ಗಲ್ಫ್‌ನಲ್ಲಿ, ಮಕ್ಕಳು ಊರಿನಲ್ಲಿ ಎಂದರೆ ಏನೆಂದು ನಮ್ಮ ಮನೆಗಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಂಥವರ ಮುಖಕ್ಕೆ ಬೆರಳು ತೋರಿಸಿ ಮಾತಾಡುವ ಮೊದಲು ಒಂದು ಗಳಿಗೆ ಯೋಚಿಸಬೇಕು.

ಕಾನೂನೂ ಇದೆ. ಆಸ್ಪತ್ರೆ ಸಿಬ್ಬಂದಿಯ ಮೇಲೆ ಕೈ ಮಾಡುವುದನ್ನು, ಸೊತ್ತು ಹಾಳು ಮಾಡುವುದನ್ನು ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಪ್ರತ್ಯೇಕ ಕಾಯ್ದೆ ಇದೆ. ನರ್ಸ್‌ಗಳೂ ಅದರಲ್ಲಿ ಸೇರುತ್ತಾರೆ. ಒಂದು ನಿಮಿಷದ ಸಿಟ್ಟಿಗೆ ಕೇಸು ಬಿದ್ದರೆ, ನಾಳೆ ಪಾಸ್‌ಪೋರ್ಟಿಗೆ, ವೀಸಾಕ್ಕೆ ಪೊಲೀಸ್ ಸರ್ಟಿಫಿಕೇಟ್ ಕೇಳುವಾಗ ಆ ಹುಡುಗನ ಬಾಪ ಠಾಣೆಯಿಂದ ಠಾಣೆಗೆ ಅಲೆಯಬೇಕಾಗುತ್ತದೆ. ಆದರೆ ಕಾನೂನಿಗೆ ಹೆದರಿ ಮಾತ್ರ ಸುಮ್ಮನಿರುವುದಲ್ಲ. ನಾವು ತಡೆದದ್ದು ಇನ್ನೊಬ್ಬನ ಜೀವದ ದಾರಿ. ಅದರ ಲೆಕ್ಕ ಬೇರೆ ಕಡೆ ಕೊಡ್ಲಿಕ್ಕೆ ಉಂಟು.

ಆಸ್ಪತ್ರೆಗಳಲ್ಲಿ ತಪ್ಪು ಆಗುವುದಿಲ್ಲ ಎಂದು ನಾನು ಹೇಳುವುದಿಲ್ಲ. ಬಿಲ್ಲಿನ ಬಗ್ಗೆ, ನಿರ್ಲಕ್ಷ್ಯದ ಬಗ್ಗೆ ದೂರು ಇದ್ದರೆ ಬರೆದು ಕೊಡಿ, ಮೇಲಿನವರನ್ನು ಕೇಳಿ. ಅದು ನಮ್ಮ ಹಕ್ಕು. ಆದರೆ ಮಂಚದ ಪಕ್ಕದಲ್ಲಿ ಕೆಲಸ ಮಾಡುತ್ತಿರುವ ಹೆಣ್ಣುಮಗಳ ಮೇಲೆ ಆ ಸಿಟ್ಟನ್ನು ತೀರಿಸುವುದು ನ್ಯಾಯ ಅಲ್ಲ.

ಹಾಗಾದರೆ ನಾವು ಏನು ಮಾಡಬೇಕು? ರೋಗಿಯ ಜೊತೆ ಒಳಗೆ ಒಬ್ಬರು, ಹೆಚ್ಚೆಂದರೆ ಇಬ್ಬರು ಸಾಕು. ಉಳಿದವರು ಹೊರಗೆ ನಿಂತು ದುಆ ಮಾಡಲಿ, ರಕ್ತ ಬೇಕಾದರೆ ಸಿದ್ಧರಿರಲಿ. ಗುಂಪಿಗೆ ಸಂದೇಶ ಹಾಕುವವರು "ಎಲ್ಲರೂ ಬನ್ನಿ" ಎಂದು ಹಾಕಬೇಡಿ, "ಇಬ್ಬರು ಇದ್ದೇವೆ, ಬೇಕಾದರೆ ಕರೆಯುತ್ತೇವೆ" ಎಂದು ಹಾಕಿ. ಮನೆಯಿಂದ ಹೊರಡುವಾಗ ರೋಗಿ ತಿನ್ನುವ ಮಾತ್ರೆಗಳ ಪಟ್ಟಿಯನ್ನೋ ಖಾಲಿ ಸ್ಟ್ರಿಪ್ಪನ್ನೋ ಕೈಯಲ್ಲಿ ಹಿಡಿದುಕೊಳ್ಳಿ. ಶುಗರ್ ಉಂಟಾ, ರಕ್ತ ತೆಳು ಮಾಡುವ ಮಾತ್ರೆ ಉಂಟಾ, ಯಾವ ಮದ್ದು ಆಗುವುದಿಲ್ಲ ಎಂಬುದು ಮನೆಯ ಒಬ್ಬರಿಗಾದರೂ ಗೊತ್ತಿರಲಿ. ಬಾಯಿ ಸೊಟ್ಟಗಾಗಿ ಕೈ ಬಿದ್ದುಹೋದರೆ ಅದು ಶುರುವಾದದ್ದು ಎಷ್ಟು ಗಂಟೆಗೆ ಎಂದು ನೆನಪಿಟ್ಟು ಹೇಳಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

ಇನ್ನೊಂದು ಮಾತು ಸ್ವಲ್ಪ ಕಹಿ. ಮನೆಯಲ್ಲಿ ಯಾರಾದರೂ ವಿಷ ಕುಡಿದರೆ, ಮಾತ್ರೆ ಜಾಸ್ತಿ ನುಂಗಿದರೆ, ಮಾನ ಹೋಗ್ತದೆ ಎಂದು "ಹೊಟ್ಟೆನೋವು" ಎಂದು ಸುಳ್ಳು ಹೇಳುವವರಿದ್ದಾರೆ. ಸಿಸ್ಟರ್ ಮತ್ತೆ ಮತ್ತೆ ಕೇಳುವುದು ಕುತೂಹಲಕ್ಕಲ್ಲ. ಏನು, ಎಷ್ಟು, ಯಾವಾಗ ಎಂಬುದರ ಮೇಲೆ ಮದ್ದು ನಿಂತಿದೆ. ಮಾನ ಉಳಿಸಲು ಹೋಗಿ ಮಗಳನ್ನು ಕಳಕೊಳ್ಳುವುದು ಬೇಡ.

ಕೊನೆಗೆ ನಮ್ಮ ಮನೆಯೊಳಗಿನ ಪ್ರಶ್ನೆ. ಉಮ್ಮನಿಗೆ ಇಸಿಜಿ ತೆಗೆಯಬೇಕಾದರೆ ಹೆಂಗಸೇ ಬರಬೇಕು ಎಂದು ನಾವು ಕೇಳುತ್ತೇವೆ. ಕೇಳುವುದು ತಪ್ಪಲ್ಲ. ಆದರೆ ಆ ಹೆಂಗಸು ಯಾರ ಮನೆಯ ಮಗಳಾಗಿರಬೇಕು? ನಮ್ಮ ಮಗಳು ನರ್ಸಿಂಗ್ ಕಲೀತೇನೆ ಎಂದರೆ "ನೈಟ್ ಡ್ಯೂಟಿ ಉಂಟು, ನಾಳೆ ಸಂಬಂಧ ಬರ್ಲಿಕ್ಕಿಲ್ಲ" ಎನ್ನುತ್ತೇವೆ. ಬೇರೆಯವರ ಮಗಳು ರಾತ್ರಿ ಎಚ್ಚರ ಇದ್ದು ನಮ್ಮ ಉಮ್ಮನನ್ನು ನೋಡಿಕೊಳ್ಳಬೇಕು, ನಮ್ಮ ಮಗಳು ಮಾತ್ರ ಆ ಕೆಲಸಕ್ಕೆ ಹೋಗಬಾರದು. ಇದು ಯಾವ ನ್ಯಾಯ? ಕನ್ನಡ ಸರಿಯಾಗಿ ಬಾರದ ನಮ್ಮ ಅಜ್ಜಿಯಂದಿರು ಬ್ಯಾರಿಯಲ್ಲಿ ಹೇಳುವ ನೋವು ಅರ್ಥ ಆಗುವ ಒಬ್ಬ ಸಿಸ್ಟರ್ ಅಲ್ಲಿದ್ದರೆ ಎಷ್ಟು ಸಮಾಧಾನ!

ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್ (ರ.ಅ.) ಅವರನ್ನು ಆರೈಕೆಗಾಗಿ ಇರಿಸಿದ್ದು ಮದೀನಾ ಮಸೀದಿಯಲ್ಲಿದ್ದ ರುಫೈದಾ ಬೀವಿಯವರ ಡೇರೆಯಲ್ಲಿ ಎಂದು ಸೀರಾ ಗ್ರಂಥಗಳಲ್ಲಿದೆ. ಮದ್ರಸದಲ್ಲಿ ಈ ಹೆಸರನ್ನು ನಾವು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇವೆ? ನನ್ನನ್ನೂ ಸೇರಿಸಿಯೇ ಕೇಳುತ್ತಿದ್ದೇನೆ. ಪಿಯುಸಿ ಮುಗಿಸಿದವರಿಗೆ ಮೂರು ವರ್ಷದ ಜಿಎನ್ಎಂ ಉಂಟು. ವಿಜ್ಞಾನ ಓದಿದವರಿಗೆ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಉಂಟು. ಹುಡುಗರಿಗೂ ಬಾಗಿಲು ತೆರೆದೇ ಇದೆ. ಜಮಾಅತ್ ಕಮಿಟಿಗಳು ಸ್ಕಾಲರ್‌ಶಿಪ್ ಕೊಡುವಾಗ ಇಂಜಿನಿಯರಿಂಗ್ ಜೊತೆ ಇದನ್ನೂ ಪಟ್ಟಿಗೆ ಸೇರಿಸಲಿ. ಮದುವೆ ಮಾತುಕತೆಯಲ್ಲಿ "ಹುಡುಗಿ ನರ್ಸ್" ಎಂದಾಗ ಮುಖ ತಿರುಗಿಸುವುದನ್ನು ನಿಲ್ಲಿಸೋಣ.

ಆ ಹುಡುಗನ ಕಾಲು ಈಗ ಸರಿಯಾಗಿದೆ, ಅಲ್‌ಹಮ್ದುಲಿಲ್ಲಾಹ್. ಪ್ಲಾಸ್ಟರ್ ಬಿಚ್ಚಿಸಲು ಹೋದ ದಿನ ಅವನ ಉಮ್ಮ ಆ ಸಿಸ್ಟರನ್ನು ಹುಡುಕಿ ಕ್ಷಮೆ ಕೇಳಿದರಂತೆ. ಕೂಗಿದವರು ನಾವು, ಕ್ಷಮೆ ಕೇಳಿದವರು ಆ ತಾಯಿ. ಮುಂದಿನ ಸಲ ಆ ಬಾಗಿಲಲ್ಲಿ ನಿಲ್ಲಬೇಕಾಗಿ ಬಂದರೆ, ಟ್ರಾಲಿಗೆ ದಾರಿ ಬಿಟ್ಟು ನಿಲ್ಲೋಣ.