ಸದ್ದು ಎಲ್ಲಿ ಸೋರಿತು?

ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯ ಮೊದಲ ದಶಕಗಳಲ್ಲಿ ಧ್ವನಿವರ್ಧಕವೆಂಬುದು ಇರಲಿಲ್ಲ. ನಟನ ಹಾಡು ಕೊನೆಯ ಸಾಲಿನವರೆಗೆ ಮುಟ್ಟದಿದ್ದರೆ, ದೋಷ ಕಂಠದ್ದೋ ಸಭೆಯ ಗದ್ದಲದ್ದೋ ಎಂಬುದು ಆ ಕ್ಷಣವೇ ತಿಳಿಯುತ್ತಿತ್ತು. ಇಂದು ಹಾಡಿಗೂ ಕಿವಿಗೂ ನಡುವೆ ಬಾಗಿಲುಗಳು ಹಲವು. ಯಾವುದು ಅರೆ ಮುಚ್ಚಿದೆಯೆಂದು ನೋಡದೆ, ಸದ್ದು ಸಾಲದೆಂದು ಹಲುಬುವವರೇ ಹೆಚ್ಚು.

ತುಮಕೂರಿನ ಯುವಕನೊಬ್ಬನು ಮನೆಯ ಮೂಲೆಯೊಂದನ್ನೇ ಸ್ಟುಡಿಯೋ ಮಾಡಿಕೊಂಡು, ಕುಣಿಗಲ್ ಕೆರೆಯನ್ನು ಕುರಿತ ಜನಪದ ಗೀತೆಯನ್ನು ಮುದ್ರಿಸಹೊರಟಿದ್ದಾನೆಂದು ಇಟ್ಟುಕೊಳ್ಳಿ. ಹೊಸ ವೈರ್‌ಲೆಸ್ ಹೆಡ್‌ಫೋನು ಕಿವಿಯಲ್ಲಿದೆ; ಹಾಡು ಮಾತ್ರ ದೂರದ ಜಾತ್ರೆಯ ಸದ್ದಿನಂತೆ ಕೇಳುತ್ತಿದೆ. ಅವನು ಮಾಡಬೇಕಾದುದೇನು?

ಮೊದಲನೆಯದಾಗಿ, ಅನೇಕ ಹೆಡ್‌ಫೋನುಗಳಲ್ಲಿ ವಾಲ್ಯೂಮು ಒಂದಲ್ಲ, ಎರಡು. ಫೋನಿನದು ಒಂದು, ಹೆಡ್‌ಫೋನಿನ ಗುಂಡಿಯದು ಇನ್ನೊಂದು. ಒಂದನ್ನು ತುದಿಗೇರಿಸಿ ಇನ್ನೊಂದನ್ನು ಮರೆತರೆ ಫಲವಿಲ್ಲ. ಎರಡನೆಯದಾಗಿ, ಹೆಡ್‌ಫೋನಿನಲ್ಲೇ ಇರುವ ಮೈಕನ್ನು ಕಂಪ್ಯೂಟರು ಬಳಸತೊಡಗಿದೊಡನೆ ಅದು ಸಾಮಾನ್ಯವಾಗಿ ದೂರವಾಣಿಯ ಮಾತುಕತೆಯ ಕ್ರಮಕ್ಕೆ ಇಳಿದುಬಿಡುತ್ತದೆ. ಆಗ ಸಂಗೀತದ ಮೈದುಂಬಿದ ನಾದ ಹೋಗಿ ಬಡಕಲು ಧ್ವನಿ ಉಳಿಯುತ್ತದೆ. ಬೇರೆ ಮೈಕನ್ನು ಆರಿಸಿಕೊಂಡರೆ ಈ ತೊಂದರೆ ತಪ್ಪೀತು. ಮೂರನೆಯದು ಕಿವಿಗೊತ್ತುವ ಮೆತ್ತೆ. ಅದು ಸರಿಯಾಗಿ ಕೂಡದಿದ್ದರೆ ಮೃದಂಗದ ಎಡಭಾಗದ ಗುಮಕೆಲ್ಲ ಸಂದಿಯಲ್ಲಿ ಸೋರಿಹೋಗುತ್ತದೆ.

ನಾಲ್ಕನೆಯ ಕಾರಣ ಹೆಡ್‌ಫೋನಿನದೇ ಅಲ್ಲ. ಮುದ್ರಿಸುವಾಗ ಧ್ವನಿ ಮಿತಿಮೀರಿ ಒಡೆಯದಿರಲೆಂದು ಮಟ್ಟವನ್ನು ಬೇಕೆಂದೇ ತಗ್ಗಿಸಿ ಇಡುತ್ತಾರೆ. ಅದನ್ನು ಮೇಲೇರಿಸುವುದು ಕಟ್ಟಕಡೆಯ ಕೆಲಸ. ಆ ಕೆಲಸವೆಲ್ಲ ಮುಗಿದು ಬಂದ ಸಿನಿಮಾ ಹಾಡಿನ ಪಕ್ಕದಲ್ಲಿ ಮನೆಯ ಹಸಿ ಮುದ್ರಣವು ಮೆಲ್ಲಗೆ ಕೇಳಿಸುವುದು ಸಹಜವೇ ಸರಿ. ಎರಡನ್ನೂ ಹೋಲಿಸಬೇಕಾದರೆ ಸಿನಿಮಾ ಹಾಡನ್ನು ತಗ್ಗಿಸಬೇಕಲ್ಲದೆ ಹಸಿ ಮುದ್ರಣವನ್ನು ಏರಿಸಕೂಡದು.

ಇನ್ನೊಂದು ಮಾತು. ಹಾಡುತ್ತಲೇ ತನ್ನ ದನಿಯನ್ನು ಕೇಳಿಕೊಳ್ಳಲು ವೈರ್‌ಲೆಸ್ ತಕ್ಕದ್ದಲ್ಲ. ಬ್ಲೂಟೂತ್ ಮೂಲಕ ಬರುವ ಧ್ವನಿ ಸಾಮಾನ್ಯವಾಗಿ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೂ ಮೀರಿ ತಡವಾಗುತ್ತದೆ. ತಾಳ ತಪ್ಪಲು ಅಷ್ಟು ಸಾಕು. ತಡವನ್ನು ಸದ್ದು ಸಾಲದ್ದೆಂದು ತಿಳಿದು ಗುಂಡಿ ಒತ್ತುವವರಿದ್ದಾರೆ. ಹಾಡುವಾಗ ತಂತಿಯ ಹೆಡ್‌ಫೋನು, ಆಮೇಲೆ ವಿರಾಮವಾಗಿ ಕೇಳಲು ವೈರ್‌ಲೆಸ್ ಎಂಬ ಪದ್ಧತಿಯೇ ಲೇಸು.

ಇಷ್ಟಾದರೂ ಸದ್ದು ಸಾಲದೆನಿಸಿದರೆ? ಆಗ ಫ್ಯಾನು ನಿಲ್ಲಿಸಿ, ಬೀದಿಯ ಕಡೆಯ ಕಿಟಕಿ ಮುಚ್ಚಬೇಕು. ಗದ್ದಲವನ್ನು ತಗ್ಗಿಸುವುದೂ ಹಾಡನ್ನು ಏರಿಸುವ ಒಂದು ದಾರಿಯೇ. ಗದ್ದಲದೊಡನೆ ಪೈಪೋಟಿಗೆ ನಿಂತರೆ ಸೋಲುವುದು ಕಿವಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ಕೇವಲ 4 ಗಂಟೆ. ಹತ್ತು ಡೆಸಿಬೆಲ್ ಏರಿದರೆ ಹತ್ತನೆಯ ಒಂದು ಪಾಲು ಹೊತ್ತು ಮಾತ್ರ! ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ.

ಹೆಡ್‌ಫೋನು ತೆಗೆದ ಮೇಲೆ ಕಿವಿಯಲ್ಲಿ ಗುಂಯ್ಗುಟ್ಟುವ ಸದ್ದು ಉಳಿದರೆ, ಮಿತಿ ದಾಟಿತೆಂದೇ ಅರ್ಥ. ಹಾಡುವ ಮಕ್ಕಳಿರುವ ಮನೆಯ ಹಿರಿಯರು, ಇವತ್ತು ಹಾಡು ಚೆನ್ನಾಗಿ ಬಂತೇ ಎಂದು ಕೇಳುವುದರ ಜೊತೆಗೆ ಕಿವಿ ಹೇಗಿದೆಯೆಂದೂ ಒಮ್ಮೆ ವಿಚಾರಿಸುವುದು ಒಳ್ಳೆಯದು.