ಹಿಂಗಾರಿಗೆ ಬೇಕಿರುವುದು ಹೊಳವಿನ ಮುನ್ಸೂಚನೆ

ಅಕ್ಟೋಬರ್ 15ರ ಹೊತ್ತಿಗೆ ನೈರುತ್ಯ ಮುಂಗಾರು ದೇಶದಿಂದ ಪೂರ್ತಿ ಹಿಂದೆ ಸರಿಯುತ್ತದೆ ಎಂಬುದು ಭಾರತೀಯ ಹವಾಮಾನ ಇಲಾಖೆಯ ವಾಡಿಕೆ ಲೆಕ್ಕ. ಅಲ್ಲಿಂದಾಚೆಗೆ ಗಾಳಿ ಈಶಾನ್ಯದಿಂದ ಬೀಸತೊಡಗುತ್ತದೆ. ಮಳೆಗಾಗಿ ಅರಬ್ಬಿ ಸಮುದ್ರದ ಕಡೆ ನೋಡುತ್ತಿದ್ದವರು ಬಂಗಾಳ ಕೊಲ್ಲಿಯ ಕಡೆ ತಿರುಗುತ್ತಾರೆ. ಮುನ್ಸೂಚನೆಯ ಭಾಷೆ ಮಾತ್ರ ಬದಲಾಗುವುದಿಲ್ಲ. ಮುಂದಿನ ಐದು ದಿನ ದಕ್ಷಿಣ ಒಳನಾಡಿನ ಕೆಲವೆಡೆ ಗುಡುಗುಸಹಿತ ಮಳೆಯಾಗುವ ಸಂಭವ, ಇಂತಿಂಥ ಜಿಲ್ಲೆಗಳಿಗೆ ಯೆಲ್ಲೊ ಅಲರ್ಟ್: ಜುಲೈನಲ್ಲೂ ಇದೇ ವಾಕ್ಯ, ನವೆಂಬರ್‌ನಲ್ಲೂ ಇದೇ ವಾಕ್ಯ. ಜುಲೈನಲ್ಲಿ ರೈತನಿಗೆ ತಿಳಿಯಬೇಕಾದದ್ದು ಮಳೆ ಯಾವಾಗ ಬರುತ್ತದೆ ಎಂಬುದು. ಪೈರು ಕೊಯ್ಲಿಗೆ ಬಂದ ನವೆಂಬರ್‌ನಲ್ಲಿ ತಿಳಿಯಬೇಕಾದದ್ದು ಹೊಳವು ಎಷ್ಟು ದಿನ ಸಿಗುತ್ತದೆ ಎಂಬುದು. ಈ ಎರಡನೆಯ ಪ್ರಶ್ನೆಗೆ ನೇರವಾಗಿ ಉತ್ತರಿಸುವ ಮುನ್ಸೂಚನೆ ಜನರ ಕೈಗೆ ತಲುಪುತ್ತಿಲ್ಲ. ಅದನ್ನು ಕೊಡಲು ಬೇಕಾದ ಸಾಮಗ್ರಿಯಲ್ಲಿ ಬಹುಪಾಲು ನಮ್ಮಲ್ಲಿ ಆಗಲೇ ಇದೆ.

ರಾಗಿಯನ್ನೇ ನೋಡಿ. ಕೋಲಾರ, ತುಮಕೂರು, ಬೆಂಗಳೂರು ಗ್ರಾಮಾಂತರದ ಹೊಲಗಳಲ್ಲಿ ಕೊಯ್ದ ಪೈರನ್ನು ಕೂಡಲೇ ಮನೆಗೆ ಸಾಗಿಸುವುದಿಲ್ಲ. ಅರಿ ಅರಿಯಾಗಿ ನೆಲದ ಮೇಲೆ ಮಲಗಿಸಿ ಕೆಲವು ದಿನ ಬಿಸಿಲಿಗೆ ಬಿಟ್ಟು, ಒಣಗಿದ ಮೇಲೆ ಸಿವುಡು ಕಟ್ಟಿ ಮೆದೆ ಹಾಕುತ್ತಾರೆ. ನಿಂತ ಪೈರು ಸಣ್ಣ ಮಳೆಯನ್ನು ತಡೆದೀತು. ನೆಲಕ್ಕೆ ಒರಗಿದ ಅರಿಗೆ ಮೂರು ದಿನದ ಜಿಟಿಜಿಟಿ ಸಾಕು, ತೆನೆಯಲ್ಲೇ ಮೊಳಕೆ ಕಾಣಿಸುತ್ತದೆ, ಹುಲ್ಲು ಕಪ್ಪಾಗುತ್ತದೆ, ಆಮೇಲೆ ದನವೂ ಅದನ್ನು ಮೂಸುವುದಿಲ್ಲ. ಇತ್ತ ಹವಾಮಾನ ಇಲಾಖೆ ‘ಭಾರಿ ಮಳೆ’ ಎಂದು ಕರೆಯುವುದು ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ. ‘ಅತಿ ಭಾರಿ’ ಆಗಬೇಕಾದರೆ 115.6 ದಾಟಬೇಕು. ಎಚ್ಚರಿಕೆಯ ಬಣ್ಣಗಳು ಹೆಚ್ಚಾಗಿ ಈ ಅಳತೆಗಳ ಸುತ್ತಲೇ ನಿಂತಿವೆ. ಹೊಳೆ ಉಕ್ಕುವುದು, ರಸ್ತೆ ಮುಳುಗುವುದು, ಗುಡ್ಡ ಜರಿಯುವುದನ್ನು ಎಣಿಸಲು ಅವು ಸರಿಯಾದ ಅಳತೆಗಳೇ. ಆದರೆ ದಿನಕ್ಕೆ ಹತ್ತು ಮಿಲಿಮೀಟರಿನಂತೆ ಬಿದ್ದು ಅರಿಯನ್ನು ಕೊಳೆಸುವ ಮಳೆ ಆ ಪಟ್ಟಿಯಲ್ಲಿ ಹಗುರ ಮಳೆ ಅಷ್ಟೆ.

2024ರ ನವೆಂಬರ್ 30ರ ರಾತ್ರಿ ಪುದುಚೇರಿ ಬಳಿ ದಡ ಸೇರಿದ ಫೆಂಜಲ್ ಚಂಡಮಾರುತ ಇದಕ್ಕೆ ಒಳ್ಳೆಯ ನಿದರ್ಶನ. ತಮಿಳುನಾಡಿನಲ್ಲಿ ಅದು ಮಾಡಿದ ಅನಾಹುತ ದೊಡ್ಡದು, ಅಲ್ಲಿ ಎಚ್ಚರಿಕೆಗಳು ಕೂಗಿದ್ದೂ ಸರಿಯೇ. ದುರ್ಬಲವಾಗಿ ನಮ್ಮ ಒಳನಾಡಿಗೆ ಬಂದ ಮೇಲೆ ಅದರ ಬಹುಪಾಲು ರೂಪ ಮೋಡ, ಚಳಿ, ದಿನವಿಡೀ ಸುರಿಯುವ ತುಂತುರು. ನಗರದವರಿಗೆ ಅದು ಸ್ವೆಟರ್ ಹುಡುಕುವ ಹವೆ. ಕೊಯ್ದ ರಾಗಿಗೆ, ಕೊಡಗು, ಚಿಕ್ಕಮಗಳೂರಿನ ಕಣದಲ್ಲಿ ಹರಡಿದ ಕಾಫಿಗೆ ಅದೇ ತುಂತುರು ಕುತ್ತು. ಇಂಥ ವಾರದಲ್ಲಿ ಬಣ್ಣದ ನಕ್ಷೆ ತಪ್ಪಾಗಿರಬೇಕೆಂದೇನೂ ಇಲ್ಲ; ಅದರ ಪ್ರಶ್ನೆಯೇ ಬೇರೆ.

ಇದು ದಕ್ಷಿಣ ಒಳನಾಡಿನ ರಾಗಿ ಸೀಮೆಯ ಸಂಕಟ ಮಾತ್ರ, ಉತ್ತರದಲ್ಲಿ ಹಿಂಗಾರಿಗೆ ಮಳೆಯೇ ಬೇಕಲ್ಲ ಎನ್ನಬಹುದು. ಬೇಕು, ನಿಜ. ವಿಜಯಪುರ, ಬಾಗಲಕೋಟೆ, ಕಲಬುರಗಿಯ ಎರೆಹೊಲಗಳಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುವುದು ಉತ್ತರೆ, ಹಸ್ತ, ಚಿತ್ತೆ ಮಳೆಗಳು ನೆಲದಲ್ಲಿ ಬಿಟ್ಟುಹೋದ ಹಸಿಯ ಮೇಲೆ. ಆದರೆ ಅಲ್ಲೂ ಬಿತ್ತನೆಯನ್ನು ತೀರ್ಮಾನಿಸುವುದು ಮಳೆ ನಿಂತ ಮೇಲಿನ ದಿನಗಳೇ. ಎರೆಮಣ್ಣು ನೆಂದರೆ ಕಾಲಿಗೆ ಮೆತ್ತುತ್ತದೆ, ಕೂರಿಗೆ ಇಳಿಯುವುದಿಲ್ಲ. ಹದಕ್ಕೆ ಬರಲು ನಾಲ್ಕಾರು ದಿನ ಬೇಕು, ಹದ ಮೀರಿದರೆ ಮೇಲಿನ ಹಸಿ ಆರಿ ಬೀಜ ಹುಟ್ಟುವುದಿಲ್ಲ. ಅಕ್ಟೋಬರ್‌ನಲ್ಲಿ ಚಾಟ್ನಿ ಮುಗಿಸಿದ ದ್ರಾಕ್ಷಿ ತೋಟದವರ ಪಾಡು ಇನ್ನೂ ಸೂಕ್ಷ್ಮ. ಚಿಗುರೊಡೆದ ಬಳ್ಳಿಯ ಮೇಲೆ ಮಳೆ, ಮಂಜು ಕೂತರೆ ದಾವಣಿ ರೋಗ ಅಡರುತ್ತದೆ, ಔಷಧಿ ಹೊಡೆಯಲು ಕೆಲವು ಗಂಟೆಯ ಒಣಹವೆಯಾದರೂ ಬೇಕು. ಇಂಥ ಉತ್ತರ ಒಳನಾಡಿಗೆ ಋತುಮಾನದ ಮುನ್ನೋಟದಲ್ಲಿ ಸಿಗುವ ಜಾಗ ನೋಡಿದರೆ ಅಚ್ಚರಿಯಾಗುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮಳೆಯ ಬಗ್ಗೆ ಇಲಾಖೆ ದಕ್ಷಿಣ ಪರ್ಯಾಯ ದ್ವೀಪಕ್ಕೆಂದು ಹೇಳುವ ಅಂದಾಜು ಐದು ಹವಾಮಾನ ಉಪವಿಭಾಗಗಳದ್ದು: ತಮಿಳುನಾಡು, ಕರಾವಳಿ ಆಂಧ್ರ, ರಾಯಲಸೀಮೆ, ಕೇರಳ ಮತ್ತು ದಕ್ಷಿಣ ಒಳನಾಡು ಕರ್ನಾಟಕ. ಹಿಂಗಾರಿ ಜೋಳದ ಸೀಮೆ ಆ ಲೆಕ್ಕದಲ್ಲೇ ಇಲ್ಲ. ಈಶಾನ್ಯ ಮಾರುತದ ಮಳೆ ಎಲ್ಲಿ ಪ್ರಧಾನವೋ ಅದನ್ನು ಹಿಡಿದು ಮಾಡಿದ ವಿಭಾಗ ಅದು, ವೈಜ್ಞಾನಿಕವಾಗಿ ಸಮರ್ಥನೀಯ. ಆದರೂ ‘ಹಿಂಗಾರು ವಾಡಿಕೆಗಿಂತ ಹೆಚ್ಚು’ ಎಂಬ ತಲೆಬರಹ ಓದಿದ ಸಿಂದಗಿಯ ರೈತ ಅದನ್ನು ತನಗೂ ಹೇಳಿದ್ದೆಂದೇ ತಿಳಿಯುತ್ತಾನೆ.

ಹೊಳವಿನ ಮುನ್ಸೂಚನೆಗೆ ಹವಾಮಾನ ತಜ್ಞರು ಎತ್ತುವ ಮೊದಲ ಆಕ್ಷೇಪ, ಹಿಂಗಾರನ್ನು ನಂಬಲಾಗದು ಎಂಬುದು. ಅದರಲ್ಲಿ ಹುರುಳಿದೆ. ಕೊಲ್ಲಿಯಲ್ಲಿ ಹುಟ್ಟಿದ ವಾಯುಭಾರ ಕುಸಿತ ಎಲ್ಲಿ ದಡ ಮುಟ್ಟುತ್ತದೆ ಎಂಬುದರ ಮೇಲೆ ನಮ್ಮ ಮಳೆ ನಿಂತಿದೆ. 2024ರ ಅಕ್ಟೋಬರ್ 17ರಂದು ಚೆನ್ನೈ ಸಮೀಪ ದಡ ದಾಟಿದ ವಾಯುಭಾರ ಕುಸಿತ ಬೆಂಗಳೂರನ್ನು ತೋಯಿಸಿತು. ಒಂದೇ ವಾರ ಕಳೆದು ಎದ್ದ ಡಾನಾ ಚಂಡಮಾರುತ ಒಡಿಶಾ ಕಡೆ ಹೊರಟುಹೋಯಿತು. ಫೆಂಜಲ್ ವಿಷಯದಲ್ಲಿ ಅದು ಚಂಡಮಾರುತ ಆಗುತ್ತದೋ ಇಲ್ಲವೋ ಎಂಬ ಅಂದಾಜೇ ದಿನದಿಂದ ದಿನಕ್ಕೆ ಬದಲಾಗಿತ್ತು. ಹೀಗಿರುವಾಗ ‘ಐದು ದಿನ ಒಣಹವೆ’ ಎಂದು ನಂಬಿಸಿ, ರೈತ ಕೊಯ್ದ ಮರುದಿನವೇ ಮಳೆ ಹೊಡೆದರೆ ಹೊಣೆ ಯಾರದು ಎಂದು ಅವರು ಕೇಳುತ್ತಾರೆ. ಅನಿಶ್ಚಿತತೆ ಇರುವುದರಿಂದಲೇ ಅದನ್ನು ಬಿಡಿಸಿ ಹೇಳಬೇಕು ಎಂಬುದು ನನ್ನ ಉತ್ತರ. ಈ ವಾರ ಐದು ದಿನ ಸತತ ಒಣಹವೆ ಸಿಗುವ ಸಾಧ್ಯತೆ ಶೇ 70 ಎಂದರೆ ರಾಗಿ ಬೆಳೆದವನು ಇನ್ನೊಂದು ವಾರ ಕಾಯೋಣ ಎನ್ನಬಹುದು. ಮನೆ ಮುಂದೆಯೇ ಅಡಿಕೆ ಹರಡಿ, ಮೋಡ ಕಂಡಾಗ ಹೊದಿಸಿಬಿಡಬಲ್ಲವನು ಧೈರ್ಯ ಮಾಡಬಹುದು. ಯಾರಿಗೆ ಎಷ್ಟು ನಷ್ಟ ತಾಳಿಕೊಳ್ಳಲು ಸಾಧ್ಯ ಎಂಬುದು ಅವರವರಿಗೆ ಗೊತ್ತು. ಬಣ್ಣ ಈ ಆಯ್ಕೆಯನ್ನು ಅವರ ಕೈಯಿಂದ ಕಿತ್ತುಕೊಳ್ಳುತ್ತದೆ. ಶೇಕಡಾವಾರು ಲೆಕ್ಕ ಹಳ್ಳಿಯವರಿಗೆ ಅರ್ಥವಾಗದು ಎಂಬ ಮಾತೂ ಉಂಟು. ಬಡ್ಡಿ, ಫಸಲಿನ ಪಾಲು, ಮಂಡಿಯ ಕಮಿಷನ್ನನ್ನು ಬಾಯಲ್ಲೇ ಲೆಕ್ಕ ಹಾಕುವವರ ಬಗ್ಗೆ ಹೀಗೆನ್ನುವುದು ಉದ್ಧಟತನ.

ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿ, ಕೇಂದ್ರದ ‘ಮೇಘದೂತ್’ ಆ್ಯಪ್ ಇರುವಾಗ ಇನ್ನೊಂದೇಕೆ ಎಂಬ ಪ್ರಶ್ನೆಗೂ ಬರೋಣ. ವರುಣಮಿತ್ರ ಒಳ್ಳೆಯ ಸೇವೆ. ಕೇಳಿದವರಿಗೆ ಅದು ಹೇಳುತ್ತದೆ. ಆದರೆ ಮೂರು ದಿನ ಹೊಳವು ಎಂದು ಹೇಳಿದ ಮೇಲೆ ನಿಜಕ್ಕೂ ಮೂರು ದಿನ ಸಿಕ್ಕಿತೇ ಎಂಬ ಲೆಕ್ಕ ಹೋಬಳಿವಾರು ಸಾರ್ವಜನಿಕರ ಮುಂದೆ ಬರಬೇಕು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಮಳೆಮಾಪಕಗಳನ್ನು ನೆಟ್ಟ ರಾಜ್ಯ ನಮ್ಮದು, ತಾಳೆ ನೋಡುವುದು ಕಷ್ಟವೇನಲ್ಲ. ನಿಜಕ್ಕೂ ತೂಕವಿರುವ ಆಕ್ಷೇಪ ಬೇರೆಯೇ: ಹೊಳವು ಗೊತ್ತಾದರೂ ಅದೇ ಮೂರು ದಿನದಲ್ಲಿ ಊರಿಗೂರೇ ಕೊಯ್ಲಿಗಿಳಿದರೆ ಆಳೆಲ್ಲಿ, ಯಂತ್ರವೆಲ್ಲಿ? ಇದಕ್ಕೆ ಹವಾಮಾನ ಇಲಾಖೆಯಲ್ಲಿ ಉತ್ತರವಿಲ್ಲ. ಕೃಷಿ ಯಂತ್ರಧಾರೆ ಕೇಂದ್ರಗಳು ಕೊಯ್ಲು ಯಂತ್ರಗಳನ್ನು ಆ ವಾರ ಎತ್ತ ಕಳಿಸುತ್ತವೆ, ರೈತ ಸಂಪರ್ಕ ಕೇಂದ್ರಕ್ಕೆ ಟಾರ್ಪಾಲು ಅಕ್ಟೋಬರ್‌ನಲ್ಲೇ ಬರುತ್ತದೋ ಮಳೆ ನಿಂತ ಮೇಲೆ ಬರುತ್ತದೋ ಎಂಬುದರ ಮೇಲೆ ಅರ್ಧ ಫಲ ನಿಂತಿದೆ.

ಸರ್ಕಾರಕ್ಕೆ ಈ ಅವಧಿಯ ಅಪಾಯ ಗೊತ್ತಿಲ್ಲವೆಂದಲ್ಲ. ಫಸಲ್ ಬಿಮಾ ಯೋಜನೆಯಲ್ಲಿ ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆಗೆ 14 ದಿನದವರೆಗೆ ಅಕಾಲಿಕ ಮಳೆಯ ರಕ್ಷಣೆ ಇದೆ, ನಷ್ಟವಾದರೆ 72 ಗಂಟೆಯೊಳಗೆ ತಿಳಿಸಬೇಕು. ಅಂದರೆ ಹಾನಿಯಾದ ಮೇಲೆ ದುಡ್ಡು ಕೊಡುವ ವ್ಯವಸ್ಥೆ 14 ದಿನವನ್ನು ಗುರುತಿಸಿದೆ, ಹಾನಿಗೆ ಮೊದಲು ಮಾತಾಡಬೇಕಾದ ವ್ಯವಸ್ಥೆ ಗುರುತಿಸಿಲ್ಲ. ಇಲಾಖೆ ಪ್ರತಿ ಗುರುವಾರ ನಾಲ್ಕು ವಾರಗಳ ವಿಸ್ತೃತ ಮುನ್ನೋಟ ಹೊರಡಿಸುತ್ತದೆ. ಅದರ ಮೊದಲೆರಡು ವಾರಗಳನ್ನು ಕೊಯ್ಲಿನ ಭಾಷೆಗೆ ತಿರುಗಿಸುವ ಕೆಲಸಕ್ಕೆ ಹೇಳಿಮಾಡಿಸಿದಂತಿದ್ದ ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು ಮಾತ್ರ, ದೇಶದಾದ್ಯಂತ 199 ಇದ್ದವು, 2024ರಲ್ಲಿ ಮುಚ್ಚಲಾಯಿತು. ಅವನ್ನು ಕೇಂದ್ರ ಮತ್ತೆ ತೆರೆಯುವವರೆಗೆ ರಾಜ್ಯ ಕಾಯಬೇಕಿಲ್ಲ. ಕೃಷಿ ವಿಶ್ವವಿದ್ಯಾಲಯಗಳ ಹವಾಮಾನ ವಿಭಾಗ ಮತ್ತು ಉಸ್ತುವಾರಿ ಕೇಂದ್ರ ಸೇರಿ ಮುಂದಿನ ಹಿಂಗಾರಿಗೆ ರಾಗಿ ಬೆಳೆಯುವ ಕೆಲವು ಹೋಬಳಿಗಳಲ್ಲಿ, ಜೋಳ ಬಿತ್ತುವ ಕೆಲವು ಹೋಬಳಿಗಳಲ್ಲಿ ವಾರಕ್ಕೆರಡು ಬಾರಿ ಹೊಳವಿನ ಅಂದಾಜು ಕೊಟ್ಟು, ಎಷ್ಟು ಸರಿ ಬಂತು ಎಷ್ಟು ತಪ್ಪಿತು ಎಂಬುದನ್ನು ಡಿಸೆಂಬರ್ ಕೊನೆಗೆ ಪಂಚಾಯಿತಿ ಕಚೇರಿಗಳ ಫಲಕದಲ್ಲಿ ಅಂಟಿಸಲಿ.